ಎಡಗಿವಿಯ ಗಂಟು

ಐನ್ ಸದ್ರಾ ಬಾವಿಯ ಬಡಗಣ ದಿಬ್ಬ,
ಜೆಲ್ಫಾ ಸೀಮೆ,
ಭಾನುವಾರ ಮಧ್ಯಾಹ್ನ

ನನ್ನ ಹಾಲುತಂಗಿ ಯಾಮ್ನಾಳಿಗೆ, ಅವಳಿಗಿಂತ ಮೂರು ದಿನ ದೊಡ್ಡವಳಾದ ಮೆಸೂದಾ ಮಾಡುವ ಸಲಾಮು.

ಮೊದಲು ನಿನ್ನ ಮಗಳಿಗೊಂದು ಮಾತು. ಹಯಾತ್, ಮಗಳೇ, ಈ ಕಾಗದವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಅವಳ ಮುಖ ನೋಡಿ ಹೆದರಿ ಯಾವ ಸಾಲನ್ನೂ ನುಂಗಬೇಡ. ಅವಳು ಎದ್ದು ಹೋದರೆ ಹಿಂದೆಯೇ ಹೋಗಿ ಓದು. ನನ್ನ ಅಕ್ಷರ ನೋಡಿ ನಗಬೇಡ, ಐವತ್ತಾರನೇ ವಯಸ್ಸಿನಲ್ಲಿ ಚಿಕ್ಕ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತು ಕಲಿತದ್ದು. ನಿಮ್ಮಮ್ಮನೂ ನನ್ನ ಜೊತೆ ಬಂದವಳೇ. ಮೂರನೇ ದಿನಕ್ಕೆ, "ಈ ಅಕ್ಷರದ ಮೇಲೆಲ್ಲಾ ಚುಕ್ಕಿ ಅಲ್ಲ, ನೊಣ ಕೂತಿದಾವೆ ಕಣೇ, ನನ್ನ ಕೈಲಿ ಓಡಿಸೋಕಾಗಲ್ಲ" ಅಂತ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು.

ಯಾಮ್ನಾ, ಅರ್ಧ ಗಂಟೆ ನಡೆದರೆ ಸಿಗುವ ಡೇರೆಗೆ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ದೊಡ್ಡಸ್ತಿಕೆ ಅನ್ನುತ್ತೀಯ. ಫೋನನ್ನು ಮೂರು ಸಲ ಕೈಗೆತ್ತಿಕೊಂಡೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿದುಹೋಗುತ್ತದೆ. ನಡೆದು ಬರೋಣವೆಂದರೆ ಬರುವಂತಿಲ್ಲ. ನನ್ನ ಕುರಿ ರೊಪ್ಪಕ್ಕೆ ಸಿಡುಬು ಬಂದಿದೆ.

ಶುಕ್ರವಾರ ಬೆಳಗ್ಗೆ ಎರಡು ಮರಿಗಳು ಹಾಲಿಗೆ ಏಳಲಿಲ್ಲ. ಕಿವಿ ಮುಟ್ಟಿದರೆ ಕೆಂಡ. ಕಣ್ಣು ಮೂಗು ಸೋರುತ್ತಿದ್ದವು. ಬಾಲ ಎತ್ತಿ ನೋಡಿದೆ. ಬಾಲದ ಕೆಳಗೆ, ತೊಡೆಸಂದಿಯಲ್ಲಿ, ತುಟಿಯ ಸುತ್ತ, ಉಣ್ಣೆಯಿಲ್ಲದ ಕಡೆಯಲ್ಲೆಲ್ಲ ಕೆಂಪು ಗುಳ್ಳೆಗಳು. ಹೋದ ತಿಂಗಳು ನನ್ನ ಮಗ ಅತಾಲ್ಲಾ ಸಂತೆಯಿಂದ ಒಂದು ಟಗರು ತಂದಿದ್ದನಲ್ಲ, ನೀನು ಕೊಂಬು ಸವರಿ "ಮದುವಣಿಗನ ಥರ ಇದಾನೆ" ಅಂದೆಯಲ್ಲ, ಅದರ ಮೂಗು ಆಗಲೇ ಸೋರುತ್ತಿತ್ತು. ದಾರಿಯ ಧೂಳಿಗೆ ಅಂತ ಮಗ ಅಂದ, ನಾನೂ ಹೂಂ ಅಂದೆ. ಎಲ್ಲಕ್ಕೂ ಒಂದೇ ತೊಟ್ಟಿ, ಒಂದೇ ನೆರಳು. ಮೂಗಿಗೆ ಮೂಗು ತಾಗಿಸಿ ಮಲಗುವ ಪ್ರಾಣಿಗಳು ಅವು. ಮದುವಣಿಗ ಬಂದ ಎರಡೇ ವಾರಕ್ಕೆ ಮರಿಗಳು ಮಲಗಿದವು. ಯಾರೂ ಹತ್ತಿರ ಬರಬಾರದೆಂದು ಡೇರೆಯ ನಡುಗಂಬದ ತುದಿಗೆ ಕರಿಬಟ್ಟೆ ಕಟ್ಟಿದ್ದೇನೆ. ದೂರದಿಂದ ನೋಡಿ ನಾನು ಸತ್ತೆ ಅಂದುಕೊಂಡಿದ್ದರೆ, ಇಲ್ಲ, ಅಷ್ಟು ಸುಲಭವಾಗಿ ನಿನ್ನನ್ನು ಬಿಟ್ಟು ಹೋಗುವವಳಲ್ಲ ನಾನು.

ಗುರುವಾರ ನೀನು ಮಗಳ ಕೈಲಿ ಹೇಳಿ ಕಳಿಸಿದ್ದೆ. "ಪಡುವಣದ ಕಡೆ ಸಿಡುಬು ಎದ್ದಿದೆಯಂತೆ. ಅಮ್ಮನ ಸೂಜಿ ತಗೊಂಡು ಬಾ ಮೆಸೂದಾ, ನನ್ನ ಮರಿಗಳಿಗೆ ದಾರ ಹಾಕು. ಆ ಡಾಕ್ಟರಮ್ಮನ ಸಿರಿಂಜು ನಂಗೆ ಬೇಡ. ಹೋದ ಸಲವೇ ನಿನ್ನ ಕೈಲಿ ಹಾಕಿಸ್ಕೊಂಡಿದ್ರೆ ನನ್ನ ಮರಿ ಉಳೀತಿದ್ವು." ಇದು ನೀನು ಹೇಳಿದ್ದು, ಒಂದಕ್ಷರ ಕೂಡಿಸಿಲ್ಲ. ಅದಕ್ಕೆ ನನ್ನ ಉತ್ತರ ಇಷ್ಟು. ನಾನು ಸೂಜಿ ಹಿಡಿದು ಬರುವುದಿಲ್ಲ. ಈ ವರ್ಷವೂ ಇಲ್ಲ, ಇನ್ನು ಮುಂದೆಯೂ ಇಲ್ಲ. ಯಾಕೆ ಅನ್ನುವುದಕ್ಕೇ ಈ ಕಾಗದ.

ನಿನ್ನಮ್ಮ ಖೈರಾ ದಾರ ಹಾಕುತ್ತಿದ್ದದ್ದು ನಿನಗೂ ನೆನಪಿದೆ. ರೋಗ ಬಿದ್ದ ಕುರಿಯ ಗುಳ್ಳೆ ಒತ್ತಿ, ಕೀವಿನಲ್ಲಿ ಉಣ್ಣೆ ದಾರ ನೆನೆಸಿ, ಆರೋಗ್ಯವಾಗಿರುವ ಮರಿಯ ಎಡಗಿವಿಗೆ ಪೋಣಿಸಿ ಗಂಟು ಹಾಕುತ್ತಿದ್ದಳು. ಕಿವಿ ಊದಿ, ಹಣ್ಣಾಗಿ, ಹಕ್ಕಳೆಗಟ್ಟಿ ಉದುರುತ್ತಿತ್ತು. ಒಂದೆರಡು ಸಾಯುತ್ತಿದ್ದವು, ಉಳಿದವುಗಳಿಗೆ ಜೀವಮಾನದಲ್ಲಿ ಸಿಡುಬಿನ ಭಯವಿರಲಿಲ್ಲ. ನಿನಗೆ ಕಲಿಸಲು ಹೋದಾಗ ಕೀವು ನೋಡಿ ತಲೆಸುತ್ತಿ ಮೊಸರಿನ ಮಡಕೆಯ ಮೇಲೆಯೇ ಬಿದ್ದೆ. ಅಮ್ಮ, "ಹೋಗೇ ನಾಜೂಕಮ್ಮಾ, ನೀನು ಮಡಕೆ ತೊಳಿ" ಅಂತ ಬೈದು ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ಹೆತ್ತವಳು ನನ್ನ ಮುಖ ನೋಡುವ ಮೊದಲೇ ಹೋದಳು, ನಿನ್ನಮ್ಮನ ಎದೆಯಲ್ಲಿ ನನಗೂ ಪಾಲಿತ್ತು. ಆ ಸೂಜಿ ಸಿಕ್ಕ ದಿನ, ಒಂದು ವಿಷಯದಲ್ಲಾದರೂ ನಿನಗಿಂತ ನಾನು ಮೇಲು ಅಂತ ಹಿಗ್ಗಿದ್ದೆ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಸೂಜಿ ಕೊಡುವಾಗ ಅಮ್ಮ ಇನ್ನೊಂದು ಮಾತನ್ನೂ ಹೇಳಿದ್ದಳು. ದಾರ ಹಾಕಿದ ಹಟ್ಟಿ ನಲವತ್ತು ದಿನ ಬಾಣಂತಿ ಇದ್ದ ಹಾಗೆ. ಯಾರನ್ನೂ ಕರೆಯುವಂತಿಲ್ಲ, ಯಾರ ಮನೆಗೂ ಹೋಗುವಂತಿಲ್ಲ. ಊರ ಬಾವಿಗೆ ಕುರಿ ಬಿಡುವಂತಿಲ್ಲ, ಕತ್ತರಿ ಹಗ್ಗ ಕಡ ಕೊಡುವಂತಿಲ್ಲ, ಬೇರೆಯವರ ಕುರಿಯ ಉಣ್ಣೆ ಕತ್ತರಿಸುವ ಮುಯ್ಯಿ ಕೆಲಸಕ್ಕೆ ಕಾಲಿಡುವಂತಿಲ್ಲ. ನಲವತ್ತೊಂದನೇ ದಿನ ಅಮ್ಮ ದಿಬ್ಬ ಹತ್ತಿ ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದಳು, "ನಲವತ್ತಾಯ್ತು, ಬರ್ರೋ, ಉಣ್ಣೋಕೆ ಬರ್ರೋ!" ಕುಸ್ಕುಸ್ ಬೇಯುವ ಮೊದಲೇ ಸುತ್ತಲಿನ ಹಟ್ಟಿಗಳೆಲ್ಲ ನೆರೆಯುತ್ತಿದ್ದವು. ನಾವಿಬ್ಬರೂ ಆ ಊಟಕ್ಕಾಗಿ ದಿನ ಎಣಿಸುತ್ತಿದ್ದೆವು, ನೆನಪಿದೆಯಾ? ಊಟದ ಆಸೆಗೆ ನೀನು ದಿನಕ್ಕೆ ಎರಡೆರಡು ಕಲ್ಲು ಇಡುತ್ತಿದ್ದೆ, ಅಮ್ಮ ಒಂದೊಂದನ್ನು ಎತ್ತಿ ಎಸೆಯುತ್ತಿದ್ದಳು.

ಈಗ ಎರಡು ವರ್ಷದ ಹಿಂದಿನ ವಸಂತಕ್ಕೆ ಬರುತ್ತೇನೆ. ಹಯಾತ್, ನಿಲ್ಲಿಸಬೇಡ, ಓದು.

ಆ ವರ್ಷವೂ ಪಡುವಣದಲ್ಲಿ ಸಿಡುಬು ಎದ್ದಿತ್ತು. ದನಕುರಿಗಳ ಡಾಕ್ಟರಮ್ಮ, ಆ ವಾಫಿಯಾ, ಲಸಿಕೆ ತರುತ್ತಾಳೆ, ಹತ್ತು ದಿನ ಕಾಯಿರಿ ಅಂತ ಸುದ್ದಿ ಬಂದಿತ್ತು. ನಾನು ಕಾಯಲಿಲ್ಲ. ಕೈ ತುರಿಸುತ್ತಿತ್ತು. ಆ ಹುಡುಗಿಗೆ ನನ್ನ ಕುರಿಯ ವಿಷಯ ಏನು ಗೊತ್ತು ಅನ್ನುವ ಸೊಕ್ಕು ಬೇರೆ. ಮೈದುನನ ಹಟ್ಟಿಗೆ ಹೋಗಿ, ರೋಗದ ಕುರಿಯ ಕೀವನ್ನು ನನ್ನ ಕಾಡಿಗೆ ಭರಣಿಯಲ್ಲಿ ತುಂಬಿಕೊಂಡು ಬಂದೆ. ಮರಿಗಳಿಗೆಲ್ಲ ದಾರ ಹಾಕಿದೆ, ಹಾಲು ಕರೆಯುವ ಐದಾರು ಕುರಿಗಳಿಗೂ ಹಾಕಿದೆ. ಸರ್ಕಾರ ಬೇಡವೆಂದಿದೆ, ಗೊತ್ತಾದರೆ ಗಲಾಟೆ, ಅದಕ್ಕೇ ನಿನಗೂ ಹೇಳಲಿಲ್ಲ. ಅಂದಿನಿಂದ ಮೆಸೂದಾ ಯಾಕೆ ಕಾಡಿಗೆ ಹಚ್ಚುವುದಿಲ್ಲ, ಸನ್ಯಾಸ ತಗೊಂಡಿದ್ದಾಳಾ ಅಂತ ನೀನು ಮದುವೆಮನೆಯಲ್ಲಿ ಎಲ್ಲರೆದುರು ಆಡಿಕೊಂಡೆಯಲ್ಲ. ಆ ಭರಣಿಯನ್ನು ಮುಟ್ಟಲು ಕೈ ಬರಲಿಲ್ಲ, ಅಷ್ಟೇ.

ದಾರ ಹಾಕಿದ ಇಪ್ಪತ್ತೊಂದನೇ ದಿನ ನಿನ್ನ ಹಟ್ಟಿಯಲ್ಲಿ ಉಣ್ಣೆ ಮುಯ್ಯಿ. ನಿನ್ನ ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ನಾನು ಬರದಿದ್ದರೆ ಜನ ಏನನ್ನುತ್ತಾರೆ, ನೀನು ಏನನ್ನುತ್ತೀಯ? ಕುರಿಗಳ ಕಿವಿ ಒಣಗಿತ್ತು, ಹಕ್ಕಳೆ ಉದುರುತ್ತಿತ್ತು. ಒಣಗಿದ್ದು ಸತ್ತ ಹಾಗೆ ಅಂತ ನನಗೆ ನಾನೇ ಹೇಳಿಕೊಂಡೆ. ನಲವತ್ತು ದಿನ ನನಗೆ ಮರೆತಿರಲಿಲ್ಲ ಯಾಮ್ನಾ. ಮರೆತಿದ್ದೆ ಅಂತ ಬರೆದರೆ ನಿನಗೂ ಸುಲಭ, ನನಗೂ ಸುಲಭ. ಮರೆತಿರಲಿಲ್ಲ. ಇಪ್ಪತ್ತೊಂದಕ್ಕೆ ಎದ್ದು ಬಂದೆ.

ಬರಿಗೈಯಲ್ಲಿ ಬಂದೆನೇ? ನನ್ನ ಕುರಿಗಳ ಉಣ್ಣೆ ಕತ್ತರಿಸಿದ ಕತ್ತರಿ ತಂದೆ, ಅವುಗಳ ಕಾಲು ಕಟ್ಟಿದ ಹಗ್ಗ ತಂದೆ. ನಿನ್ನ ಮನೆಯಲ್ಲಿ ಮರಿಗಳು ಕುಡಿದು ಮಿಕ್ಕುವ ಹಾಲಿಲ್ಲವೆಂದು, ಇನ್ನೂ ಉಣ್ಣೆ ತೆಗೆಯದ ಕರೆಯುವ ಕುರಿಯೊಂದನ್ನೂ ಹೊಡೆದುಕೊಂಡು ಬಂದೆ. ಹಾಲು ಬತ್ತಿದ ಮನೆಗೆ ಕೊಟ್ಟ ಕುರಿಯನ್ನು ಬೇಡ ಅನ್ನುವ ಹಾಗಿಲ್ಲ, ನೀನೂ ಅನ್ನಲಿಲ್ಲ. ಅದನ್ನು ನಿನ್ನ ಮರಿಗಳ ನಡುವೆ ಬಿಟ್ಟವಳು ನಾನೇ, ಈ ಕೈಯಿಂದಲೇ. ಅವು ಓಡಿ ಬಂದು ಅದರ ಕಿವಿ ಮೂಸಿದವು. ನೀನು ನಕ್ಕು, "ನೋಡೇ, ದೊಡ್ಡಮ್ಮ ಬಂದಳು ಅಂತ ಮುತ್ತು ಕೊಡ್ತಾವೆ" ಅಂದೆ. ಆ ಮಾತು ಎರಡು ವರ್ಷದಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಹನ್ನೆರಡು ದಿನಕ್ಕೆ ನಿನ್ನ ಮೊದಲ ಮರಿ ಮಲಗಿತು. ನಲವತ್ತರಲ್ಲಿ ಉಳಿದದ್ದು ಒಂಬತ್ತು. ಗುಂಡಿ ತೋಡುವಾಗ ನಾನೂ ಸಲಿಕೆ ಹಿಡಿದಿದ್ದೆ. ನೀನು ನನ್ನ ಹೆಗಲ ಮೇಲೆ ಬಿದ್ದು, "ಆ ಹಾಳಾದವನ ಕತ್ತರಿ ಕಣೇ, ಪಡುವಣದಿಂದ ಹೊತ್ಕೊಂಡು ಬಂದ, ನನ್ನ ಮನೆ ತೊಳೆದ" ಅಂತ ಅತ್ತೆ. ಹಾಳಾದವನು ಅಂದರೆ ಬೂಜಿದ್, ಇಪ್ಪತ್ತು ವರ್ಷ ನಮ್ಮೆಲ್ಲರ ಉಣ್ಣೆ ಕತ್ತರಿಸಿದ, ಆ ಮುಯ್ಯಿಯಲ್ಲೂ ಕತ್ತರಿ ಹಿಡಿದಿದ್ದ ಬೂಜಿದ್. ಕುರಿಯ ಕಾಲು ಮಡಚುವ ಮೊದಲು ಅದರ ಹಣೆ ತಟ್ಟಿ ಕ್ಷಮೆ ಕೇಳುತ್ತಿದ್ದ ಮನುಷ್ಯ. ನೀನು ಅವನ ಕತ್ತರಿಯನ್ನು ಮರಳಿಗೆ ಎಸೆದೆ. ಗಂಡಸರು ಅವನನ್ನು ಬಾವಿಯ ಹತ್ತಿರವೂ ನಿಲ್ಲಗೊಡಲಿಲ್ಲ. ನಾನು ನಿನ್ನ ಬೆನ್ನು ಸವರುತ್ತಾ ನಿಂತಿದ್ದೆ. ಆಗಲೇ ನನಗೆ ಅನುಮಾನವಿತ್ತು. ನನ್ನ ಬಾಯಿಗೆ ಏನಾಗಿತ್ತೋ, ಊರೆಲ್ಲರ ಸುದ್ದಿ ಆಡುವ ಬಾಯಿ ಅಂದು ತೆರೆಯಲಿಲ್ಲ.

ಆಮೇಲೆ ನೀನೊಂದು ಕೆಲಸ ಮಾಡಿದೆ. ಅಷ್ಟು ಮರಿಗಳ ನಡುವೆ ನಾನು ಕೊಟ್ಟ ಕುರಿಯನ್ನು ಮಾತ್ರ ಸಿಡುಬು ಮುಟ್ಟಲಿಲ್ಲವೆಂದು ಅದರ ಹಣೆಗೆ ಮದರಂಗಿ ಹಚ್ಚಿದೆ. ಬರಕತ್ತಿನ ಕುರಿ, ದೇವರ ಕೃಪೆ ಇರುವ ಕುರಿ ಅಂತ ಹೆಸರಿಟ್ಟೆ. ಇವತ್ತಿಗೂ ಅದು ನಿನ್ನ ಡೇರೆಯ ಬಾಗಿಲಲ್ಲಿ ಮಹಾರಾಣಿಯ ಹಾಗೆ ಮಲಗುತ್ತದೆ. ಯಾಮ್ನಾ, ಅದು ಬರಕತ್ತಲ್ಲ.

ಶುಕ್ರವಾರ ಮಧ್ಯಾಹ್ನ ಡಾಕ್ಟರಮ್ಮ ಬಂದಳು. ಮರಿಗಳನ್ನು ನೋಡಿದಳು, ಬಾಲ ಎತ್ತಿ ಇನ್ನೊಮ್ಮೆ ನೋಡಿದಳು. ನಾನು ಸುಮ್ಮನಿರಲಾರದೆ, ಸಿಡುಬಿನ ವಿಷಯ ನನಗೂ ಗೊತ್ತು ತಾಯಿ, ನಮ್ಮ ಕೈಯಲ್ಲೂ ವಿದ್ಯೆಯಿದೆ, ಎರಡು ವರ್ಷದ ಹಿಂದೆ ನನ್ನದೊಂದು ದೊಡ್ಡ ಕುರಿಯೂ ಸಾಯಲಿಲ್ಲ ಅಂತ ದಾರದ ಕತೆ ಬಿಚ್ಚಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕೈಗವಸು ಬಿಚ್ಚುತ್ತಾ ಒಂದೇ ಮಾತು ಕೇಳಿದಳು.

"ಚಿಕ್ಕಮ್ಮಾ, ದಾರ ಹಾಕಿದ್ಮೇಲೆ ಆ ಕುರಿಗಳನ್ನ ಎಷ್ಟು ದಿನ ಬೇರೆ ಇಟ್ಟಿದ್ರಿ?"

ಅವಳೇ ಮುಂದುವರಿಸಿದಳು. "ದಾರ ಹಾಕೋದು ಅಂದ್ರೆ ರೋಗಾನೇ ಕೊಡೋದು, ಸ್ವಲ್ಪ ಕಡಿಮೆ ಕೊಡೋದು, ಅಷ್ಟೇ. ಆ ಕುರಿ ಉಳ್ಕೊಳ್ಳುತ್ತೆ, ಪಕ್ಕದ ಕುರಿಗೆ ಪೂರ್ತಿ ರೋಗ ದಾಟಿಸುತ್ತೆ. ಒಣಗಿದ ಹಕ್ಕಳೆ ಸತ್ತಿರಲ್ಲ ಚಿಕ್ಕಮ್ಮಾ. ರೊಪ್ಪದ ನೆರಳಲ್ಲಿ, ಉಣ್ಣೆ ಒಳಗೆ, ಹಗ್ಗದ ಗಂಟಲ್ಲಿ ತಿಂಗಳುಗಟ್ಟಲೆ ಕಾಯ್ತಾ ಕೂತಿರುತ್ತೆ." ಎಷ್ಟು ದಿನ ಬೇರೆ ಇಡಬೇಕು ಅಂತ ಕೇಳಿದೆ. ಕೊನೆಯ ಕುರಿ ವಾಸಿಯಾದ ಮೇಲೆ ನಲವತ್ತೈದು ದಿನ ಅಂದಳು. ಎಣಿಕೆ ಶುರುವಾಗುವ ದಿನ ಬೇರೆ, ಅಂಕಿ ಮಾತ್ರ ನಿನ್ನಮ್ಮನದಕ್ಕಿಂತ ಐದೇ ಹೆಚ್ಚು! ಓದು ಬರಹವಿಲ್ಲದ ಖೈರಾಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ಅಮ್ಮ ಕೊಟ್ಟ ಎರಡರಲ್ಲಿ ಮೆರೆಯಲು ಬರುವ ಸೂಜಿಯನ್ನು ಇಟ್ಟುಕೊಂಡೆ, ಮನೆಯಲ್ಲಿ ಬಾಯಿ ಮುಚ್ಚಿ ಕೂರಬೇಕಾದ ನಲವತ್ತು ದಿನವನ್ನು ಬಿಸಾಡಿದೆ. ನನಗೆ ನಾಚಿಕೆಯಾಗುತ್ತಿದೆ ಯಾಮ್ನಾ. ಅಮ್ಮ ಇದ್ದಿದ್ದರೆ ಇದೇ ಸೂಜಿಯಿಂದ ನನ್ನ ತುಟಿ ಹೊಲಿಯುತ್ತಿದ್ದಳು.

ನಿನ್ನೆ ಬೆಳಗ್ಗೆ ಅತಾಲ್ಲಾ ಟ್ರಕ್ಕಿನ ಹಲಗೆ ಇಳಿಸಿ ಚೆನ್ನಾಗಿ ಕಾಣುವ ಕುರಿಗಳನ್ನು ಹತ್ತಿಸುತ್ತಿದ್ದ. "ಕುರ್ಬಾನಿ ಹಬ್ಬ ಹತ್ತಿರ ಬಂತಮ್ಮಾ, ಸುದ್ದಿ ಹಬ್ಬೋದ್ರೊಳಗೆ ಮಾರ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?" ಅಂದ. ನಾನು ಹಲಗೆಯ ಮೇಲೆ ಕಾಲು ಚಾಚಿ ಕೂತೆ. ಅಂಗಲಾಚಿದ, ಕೂಗಾಡಿದ, "ನಿಂಗೆ ತಲೆ ಕೆಟ್ಟಿದೆ" ಅಂದ. ತಲೆ ಈಗ ನೆಟ್ಟಗಾಗಿದೆ ಅಂದೆ. ಟ್ರಕ್ಕಿನ ಕೀಲಿ ಈಗ ನನ್ನ ಸೊಂಟದಲ್ಲಿದೆ, ಸ್ನಾನಕ್ಕೂ ಬಿಚ್ಚಿಲ್ಲ. ಯೋಚಿಸಿ ನೋಡು, ಪಡುವಣದಲ್ಲಿ ಯಾರೋ ಒಬ್ಬ ತಾಯಿ ತನ್ನ ಮಗನ ಕೈಯಿಂದ ಕೀಲಿ ಕಸಿದುಕೊಂಡಿದ್ದರೆ ಆ ಟಗರು ಸಂತೆಗೇ ಬರುತ್ತಿರಲಿಲ್ಲ. ಅವಳು ಸುಮ್ಮನಿದ್ದಳು, ಎರಡು ವರ್ಷದ ಹಿಂದೆ ನಾನೂ ಸುಮ್ಮನಿದ್ದೆ. ಕಾಲಿಲ್ಲದ ರೋಗ ಹೀಗೆಯೇ ಊರೂರು ಸುತ್ತುತ್ತದೆ, ನಾವೇ ಹೊತ್ತು ತಿರುಗುತ್ತೇವೆ.

ಆಮೇಲೆ ಬೂಜಿದ್‌ಗೆ ಫೋನು ಮಾಡಿದೆ. ಪೇಟೆಯಲ್ಲಿ ಯಾರದೋ ಗೋದಾಮಿನ ಬಾಗಿಲು ಕಾಯುತ್ತಿದ್ದಾನೆ. ಎಲ್ಲವನ್ನೂ ಹೇಳಿದೆ. ಅವನು ಬೆರಗಾಗಲಿಲ್ಲ. "ನಂಗೆ ಅವತ್ತೇ ಗೊತ್ತಿತ್ತು ಅಕ್ಕಾ" ಅಂದ. "ನೀವು ಯಾಮ್ನಕ್ಕನಿಗೆ ಕೊಟ್ಟ ಕುರಿ ಉಣ್ಣೆ ತೆಗೆದವನು ನಾನೇ ಅಲ್ವಾ? ಎಡಗಿವಿ ಬುಡದಲ್ಲಿ ದಾರದ ಗಂಟಿತ್ತು, ಹಕ್ಕಳೆ ಕೈಗೆ ಬಂತು." ಮತ್ತೆ ಯಾಕಪ್ಪಾ ಹೇಳಲಿಲ್ಲ ಅಂದೆ. ಅವನು ಹೇಳಿದ, "ಕುರಿ ಇರೋರು ಒಂದು ಹೇಳ್ತಿದ್ರು, ಕತ್ತರಿ ಇರೋನು ಒಂದು ಹೇಳ್ತಿದ್ದ. ಯಾರ ಮಾತು ನಡೀತಿತ್ತು ಅಕ್ಕಾ?" ನಾನು ಅತ್ತೆ. ಅವನು ಪಾಪ, ನನ್ನನ್ನೇ ಸಮಾಧಾನ ಮಾಡಿದ.

ನಾಳೆ ಸಂಜೆ ಮಗನ ಫೋನಿನಿಂದ ಎಲ್ಲ ಹಟ್ಟಿಗಳಿಗೂ ನನ್ನ ಧ್ವನಿಯಲ್ಲೇ ಹೇಳಿ ಕಳಿಸುತ್ತೇನೆ. ಯಾಮ್ನಾಳ ಮರಿಗಳನ್ನು ಕೊಂದದ್ದು ಬೂಜಿದ್‌ನ ಕತ್ತರಿಯಲ್ಲ, ಮೆಸೂದಾಳ ದಾರ. ನನ್ನ ರೊಪ್ಪದಲ್ಲಿ ಈಗ ಸಿಡುಬಿದೆ, ಯಾರೂ ಹತ್ತಿರ ಬರಬೇಡಿ. ಈ ಸಲದ ಉಣ್ಣೆ ಮುಯ್ಯಿ ನನ್ನಲ್ಲಿಲ್ಲ. ಕುಸ್ಕುಸ್ ಉಳಿಸಿದಳು ಜಿಪುಣಿ ಅಂತ ಆಡಿಕೊಳ್ಳುವವರು ಆಡಿಕೊಳ್ಳಲಿ. ಊರಿಗಿಂತ ಮೊದಲು ನಿನಗೆ ತಿಳಿಯಲಿ ಅಂತ ಒಂದು ದಿನ ತಡೆದಿದ್ದೇನೆ, ಇನ್ನು ತಡೆಯುವುದಿಲ್ಲ.

ಈ ಕಾಗದವನ್ನು ಡಾಕ್ಟರಮ್ಮ ನಾಳೆ ಬೆಳಗ್ಗೆ ತರುತ್ತಾಳೆ. ನನ್ನ ರೊಪ್ಪದ ಒಳಗೆ ಬಾರದೆ, ಬೇಲಿಯಾಚೆಯಿಂದಲೇ ತೆಗೆದುಕೊಂಡು ನೇರ ನಿನ್ನಲ್ಲಿಗೆ ಬರಬೇಕು, ಮೊದಲ ಲಸಿಕೆ ಯಾಮ್ನಾಳ ಮರಿಗಳಿಗೇ ಅಂತ ಮಾತು ತೆಗೆದುಕೊಂಡಿದ್ದೇನೆ. ಅವಳು ಬೂಟನ್ನು ಔಷಧಿ ನೀರಿನಲ್ಲಿ ಅದ್ದುವಾಗ ಮೂಗು ಮುರಿಯಬೇಡ, ನೀನೂ ಅದ್ದು. ಮರಿಗಳನ್ನು ಹಿಡಿದು ಕೊಡು. ಬರಕತ್ತಿನ ಕುರಿಯ ಹೆಸರು ಹೇಳಿ ಜಗಳ ತೆಗೆಯಬೇಡ. ಲಸಿಕೆ ಮೈಗೆ ಹತ್ತುವವರೆಗೆ ಊರ ಬಾವಿಗೆ ಬಿಡಬೇಡ, ನೀರನ್ನು ಕತ್ತೆಯ ಮೇಲೆ ಹೊರಿಸಿ ತರಿಸು. ಹೊಸ ಕುರಿ ಕೊಳ್ಳಬೇಡ, ಯಾರ ಟಗರನ್ನೂ ಕಡ ತರಬೇಡ, ಯಾರ ಉಣ್ಣೆಯನ್ನೂ ಮನೆಗೆ ಸೇರಿಸಬೇಡ. ನನ್ನ ಮೇಲೆ ನಿನಗೆ ಎಷ್ಟು ಸಿಟ್ಟಾದರೂ ಬರಲಿ, ಆ ಸಿಟ್ಟಿನಲ್ಲಿ ಅವಳನ್ನು ವಾಪಸು ಕಳಿಸಬೇಡ. ಇದೊಂದನ್ನು ಅಮ್ಮನ ಹಾಲಿನ ಮೇಲೆ ಕೇಳುತ್ತಿದ್ದೇನೆ.

ಕಾಗದದ ಮಡಿಕೆಯಲ್ಲಿ ಸೂಜಿಯಿದೆ, ಹಯಾತ್, ಚುಚ್ಚಿಕೊಳ್ಳಬೇಡ. ಮೂರು ಸಲ ಕುದಿಸಿ ಬೆಂಕಿಯಲ್ಲಿ ಕೆಂಪಾಗುವಷ್ಟು ಕಾಯಿಸಿದ್ದೇನೆ. ಅದು ನಿನ್ನಮ್ಮನದು ಯಾಮ್ನಾ, ನಿನ್ನ ಮನೆಯಲ್ಲಿರಬೇಕಾದ್ದು. ನಿನ್ನ ಡೇರೆಯ ಗಾಳಿ ಬದಿಯ ಬಟ್ಟೆ ಎರಡು ವರ್ಷದಿಂದ ಹರಿದಿದೆ, ಅದನ್ನು ಹೊಲಿ.

ಈಗ ಏಳು. ಬಾಗಿಲಲ್ಲಿ ಮಲಗಿರುವ ಮಹಾರಾಣಿಯ ಹತ್ತಿರ ಹೋಗು. ಎಡಗಿವಿಯ ಬುಡದ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ನೋಡು. ನನ್ನ ದಾರ ಉಳಿಸಿಹೋದ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತದೆ, ಅದರ ಮೇಲೆ ಉಣ್ಣೆ ಬೆಳೆದಿರುವುದಿಲ್ಲ. ಅದನ್ನು ಮುಟ್ಟಿ ನೋಡಿದ ಮೇಲೆ ನನ್ನನ್ನು ಏನಾದರೂ ಅನ್ನು. ಕುರಿಯನ್ನು ಮಾತ್ರ ಬೈಯಬೇಡ, ಅದರದೇನೂ ತಪ್ಪಿಲ್ಲ. ಅದು ಇನ್ನು ನಿನ್ನದೇ.

ನಾನು ಕಲ್ಲು ಇಡುತ್ತೇನೆ, ದಿನಕ್ಕೆ ಒಂದೇ. ಕೊನೆಯ ಮರಿ ವಾಸಿಯಾದ ದಿನದಿಂದ ಎಣಿಸಿ ನಲವತ್ತಾರನೇ ಬೆಳಗ್ಗೆ ಈ ದಿಬ್ಬ ಹತ್ತಿ, ನಿನ್ನಮ್ಮ ಕೂಗುತ್ತಿದ್ದ ಹಾಗೆ ಕೂಗುತ್ತೇನೆ. ಬೂಜಿದ್ ನನ್ನ ಪಕ್ಕದಲ್ಲಿ ನಿಂತಿರುತ್ತಾನೆ, ಅವನಿಗೆ ಹೊಸ ಕತ್ತರಿ ತರಿಸುತ್ತಿದ್ದೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಕಲ್ಲು ತೂರಲು ಬಂದರೂ ಬಾ, ನಿನ್ನ ಗುರಿ ಎಂಥದು ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಬಾರದಿದ್ದರೆ ಮರುದಿನವೂ ಹತ್ತಿ ಕೂಗುತ್ತೇನೆ, ಅದರ ಮರುದಿನವೂ ಕೂಗುತ್ತೇನೆ. ಆದರೆ ನಲವತ್ತೈದು ತುಂಬುವ ಮೊದಲು, ನೀನು ಸಾಯುತ್ತಿದ್ದೇನೆ ಅಂತ ಹೇಳಿ ಕಳಿಸಿದರೂ, ಈ ದಿಬ್ಬ ಇಳಿಯುವುದಿಲ್ಲ.

ನಿನ್ನ ಮರಿಗಳು ಹಾಲು ಕುಡಿದು ಕುಣಿಯಲಿ, ನಿನ್ನ ಗಂಡನ ಸೊಂಟ ಗಟ್ಟಿಯಾಗಲಿ, ದೇವರು ನಿನ್ನ ರೊಪ್ಪವನ್ನು ರೋಗದಿಂದಲೂ ನನ್ನಂಥವರ ಪ್ರೀತಿಯಿಂದಲೂ ಕಾಯಲಿ.

ದಿಬ್ಬದ ಈಚೆ ಕಲ್ಲು ಎಣಿಸುತ್ತಾ ಕೂತಿರುವ,
ನಿನ್ನ ಮೆಸೂದಾ